ಪಂಚಮುದ್ರೆ: ಬಳಸುವ ಮುನ್ನ ಓದಿ

ಐದು ಹಿತ್ತಾಳೆ ಮುದ್ರೆಗಳ ಈ ಸೆಟ್ಟನ್ನು ಕೊಂಡುಕೊಂಡಿದ್ದಕ್ಕೆ ಅಭಿನಂದನೆಗಳು. ಕೊಂಡದ್ದಲ್ಲ, ತಾತ ಹೋದ ಮೇಲೆ ಬೀರು ಖಾಲಿ ಮಾಡುವಾಗ ಸಿಕ್ಕಿತು ಅನ್ನುವುದಾದರೆ ಅಭಿನಂದನೆ ವಾಪಸ್ಸು. ಕೂತುಕೊಳ್ಳಿ, ಕೈಪಿಡಿ ಹೆಚ್ಚು ಬೇಕಾಗಿರುವುದು ನಿಮಗೇ. ಹೊಸದಾಗಿ ಕೊಂಡವರಿಗೆ ಅಂಗಡಿಯವನಾದರೂ ನಾಲ್ಕು ಮಾತು ಹೇಳಿ ಕಳಿಸಿರುತ್ತಾನೆ. ಬೀರುವಿನಿಂದ ಬಂದದ್ದಕ್ಕೆ ಹೇಳುವವರು ಇರುವುದಿಲ್ಲ. ಹೇಳುವವರು ಇದ್ದಾಗ ನಾವು ಸ್ಕೂಲ್ ಬಸ್ಸಿಗೆ ಓಡುತ್ತಿದ್ದೆವು.

ಈ ಆವೃತ್ತಿ ಹಲಸೂರು, ಶಿವಾಜಿನಗರ, ಇಂದಿರಾನಗರ, ಕೆ.ಆರ್. ಪುರಂ ವ್ಯಾಪ್ತಿಗೆ ಮಾತ್ರ. ಬಸವನಗುಡಿಯವರಿಗೆ ಕೈಪಿಡಿ ಬೇಕಿಲ್ಲ, ಪಕ್ಕದ ಮನೆಯ ಬೆಲ್ ಒತ್ತಿದರೆ ಸಾಕು. ನಮ್ಮ ಪಕ್ಕದ ಮನೆಯವರು ತಮಿಳರು, ಎದುರು ಮನೆಯವರು ಮಲಯಾಳಿಗಳು, ಮೇಲಿನ ಮಹಡಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಬೆಳಗಿನ ಜಾವ ಮನೆಗೆ ಬರುವ ಹುಡುಗರು. ಇನ್ನೊಂದು ಸ್ಪಷ್ಟನೆ: ಹಲಸೂರು ಗೇಟಿನವರು ಹಲಸೂರಿನವರಲ್ಲ. ಹಳೇ ಪೇಟೆಯಿಂದ ಹಲಸೂರಿನ ದಿಕ್ಕಿಗೆ ಹೊರಡುವ ಬಾಗಿಲಿಗೆ ಆ ಹೆಸರು ಬಂತು, ಊರು ಮಾತ್ರ ಮೈಲಿಗಟ್ಟಲೆ ಆಚೆ, ಕೆರೆಯ ಪಕ್ಕ ಉಳಿಯಿತು. ಹೆಸರು ಒಂದು ಕಡೆ, ಆಸಾಮಿ ಇನ್ನೊಂದು ಕಡೆ. ಮುದ್ರೆಯಲ್ಲೂ ಇದೇ ತೊಂದರೆ ಬರುತ್ತದೆ, ಮುಂದೆ ನೋಡಿ.

ಪೆಟ್ಟಿಗೆಯಲ್ಲಿ ಏನೇನಿದೆ

ಚಕ್ರ, ಶಂಖ, ಗದೆ, ಪದ್ಮ, ನಾರಾಯಣ. ಮೊದಲ ನಾಲ್ಕು ಚಿತ್ರ, ಐದನೆಯದು ಅಕ್ಷರ. ಒಂದೊಂದೂ ಹೆಬ್ಬೆಟ್ಟಿನ ಉಗುರಿಗಿಂತ ಚೂರು ದೊಡ್ಡದು, ಹಿಂದೆ ಹಿಡಿದುಕೊಳ್ಳಲು ಗುಬುಟು. ಬೆಳ್ಳಿಯದ್ದೂ ಉಂಟು, ತಾಮ್ರದ್ದೂ ಉಂಟು, ನಮ್ಮದು ಹಿತ್ತಾಳೆ. ಜೊತೆಗೆ ನಾಮದ ಕಡ್ಡಿ, ಒಂದು ಗೋಪೀಚಂದನದ ತುಂಡು, ಅಂಗೈ ಅಗಲದ ಕನ್ನಡಿ. ಎಲ್ಲವೂ ಬಣ್ಣ ಹೋದ ತಗಡಿನ ಬಿಸ್ಕೆಟ್ ಡಬ್ಬಿಯೊಳಗೆ. ಅಲ್ಲಾಡಿಸಿದರೆ ಚಿಲ್ಲರೆ ಕಾಸಿನ ಸದ್ದು ಬರುತ್ತದೆ. ಚಿಕ್ಕವನಿದ್ದಾಗ ನಾನು ಅದನ್ನು ಎತ್ತಿಕೊಂಡು ಹೋಗಿ ಮೋಸ ಹೋಗಿದ್ದೇನೆ.

ಗೋಪೀಚಂದನ ಹೆಸರಿಗೆ ಚಂದನ, ಅಸಲಿಗೆ ಮಣ್ಣು. ಗುಜರಾತಿನ ದ್ವಾರಕೆಯ ಹತ್ತಿರ ಗೋಪಿ ತಲಾವ್ ಅಂತ ಕೆರೆಯಿದೆ, ಅಲ್ಲಿಯ ಹಳದಿ ಜೇಡಿ. ಇದನ್ನು ಪ್ಯಾಕಿಂಗ್ ಸಾಮಾನು ಅಂತಲೂ ಕರೆಯಬಹುದು. ದ್ವಾರಕೆಯ ಕಡೆಯಿಂದ ಬಂದ ಹಡಗೊಂದು ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿತಂತೆ. ದಡದಲ್ಲಿದ್ದ ಮಧ್ವಾಚಾರ್ಯರು ಅದನ್ನು ಪಾರು ಮಾಡಿದರಂತೆ. ಏನು ಬೇಕೋ ತಗೊಳ್ಳಿ ಅಂದ ನಾವಿಕನಿಂದ ಅವರು ತೆಗೆದುಕೊಂಡದ್ದು ಒಂದು ಗೋಪೀಚಂದನದ ಗಡ್ಡೆ. ಒಡೆದರೆ ಒಳಗೆ ಕಡೆಗೋಲು ಹಿಡಿದ ಕೃಷ್ಣ. ಇವತ್ತು ಉಡುಪಿಯಲ್ಲಿ ನಿಂತಿರುವವನು ಅವನೇ ಅನ್ನುವುದು ಪ್ರತೀತಿ. ಹದಿಮೂರನೇ ಶತಮಾನದ ಪಾರ್ಸೆಲ್ಲು. ಒಳಗಿದ್ದವನು ಗುಡಿಗೆ ಹೋದ, ಹೊರಗಿನ ಮಣ್ಣನ್ನು ನಾವು ಈಗಲೂ ಮೈಗೆ ಬಳಿದುಕೊಳ್ಳುತ್ತಿದ್ದೇವೆ.

ಇದು ಮಾಧ್ವ ಮಾದರಿ. ಡಬ್ಬಿ ತೆರೆದಾಗ ಬಿಳಿ ಮಣ್ಣೂ ಕೆಂಪು ಶ್ರೀಚೂರ್ಣವೂ ಕಂಡರೆ ನಿಮ್ಮದು ಶ್ರೀವೈಷ್ಣವ ಮಾದರಿ, ಈ ಕೈಪಿಡಿ ನಿಮಗಲ್ಲ. ನಿಮ್ಮ ಬಿಳಿ ಮಣ್ಣಿಗೆ ಮೇಲುಕೋಟೆಯೇ ಹೆಸರುವಾಸಿ. ತಿರುಮಣ್ಣು ಮುಗಿದುಹೋಗಿ ಹುಡುಕುತ್ತ ಹೋದ ರಾಮಾನುಜರಿಗೆ ಅಲ್ಲಿ ಮಣ್ಣೂ ಸಿಕ್ಕಿತು, ದೇವರೂ ಸಿಕ್ಕಿದ ಅನ್ನುತ್ತಾರೆ. ನಿಮ್ಮಲ್ಲಿ ನಾಮ ಯು ಆಕಾರವೋ, ಮೂಗಿನ ಮೇಲೆ ಪಾದ ಇಳಿಯುವ ವೈ ಆಕಾರವೋ ಅನ್ನುವುದನ್ನು ಮೊದಲು ಇತ್ಯರ್ಥ ಮಾಡಿಕೊಂಡು ಬನ್ನಿ. ವಡಗಲೆ, ತೆಂಗಲೆ ಜಗಳ ಕೋರ್ಟಿನ ಕಟ್ಟೆ ಹತ್ತಿದ್ದು ಒಂದೆರಡು ಸಲವಲ್ಲ, ಕಂಚಿಯಲ್ಲಿ ದೇವರ ಆನೆಯ ಹಣೆಯನ್ನೂ ಅದು ಬಿಟ್ಟಿಲ್ಲ. ಡಬ್ಬಿಯಲ್ಲಿ ವಿಭೂತಿ ಗಟ್ಟಿ ಸಿಕ್ಕಿದವರು ನೆಟ್ಟಗೆ ಸೋಮೇಶ್ವರನ ಗುಡಿಗೆ ಹೋಗಿ. ನಿಮಗೆ ಮೂರು ಬೆರಳು ಸಾಕು, ಉಪಕರಣ ಬೇಕಿಲ್ಲ. ಈಚೆಗೆ ಮೂರು ಅಡ್ಡಗೆರೆಯ ಹಿತ್ತಾಳೆ ಅಚ್ಚು ಆನ್‌ಲೈನಿನಲ್ಲಿ ಬಂದಿದೆಯಂತೆ. ಮೂರು ಬೆರಳಿರುವವನಿಗೆ ಅದು ಯಾಕೆ ಅಂತ ನನಗೆ ಅರ್ಥವಾಗಿಲ್ಲ.

ಅಳವಡಿಸುವ ವಿಧಾನ

ಸ್ನಾನವಾಗಿರಬೇಕು. ಮೈ ಪೂರ್ತಿ ಒದ್ದೆಯೂ ಇರಬಾರದು, ಪೂರ್ತಿ ಒಣಗಿಯೂ ಇರಬಾರದು. ಎಡ ಅಂಗೈಯಲ್ಲಿ ನಾಲ್ಕು ಹನಿ ನೀರು ಹಾಕಿಕೊಂಡು ಗೋಪೀಚಂದನದ ತುಂಡನ್ನು ಗುಂಡಗೆ ತಿರುಗಿಸುತ್ತ ತೇಯಿರಿ. ಹದ ಎಷ್ಟು ಅಂದರೆ, ಅಜ್ಜಿ ದೋಸೆ ಹಿಟ್ಟಿಗೆ ಹೇಳುವ ಮಾತೇ ಇಲ್ಲಿಗೂ: ನೀರಾದರೆ ಹರಿಯುತ್ತದೆ, ಗಟ್ಟಿಯಾದರೆ ಕೂರುವುದಿಲ್ಲ. ತೆಳ್ಳಗಾದರೆ ಚಕ್ರ ಹರಿದು ಹಪ್ಪಳವಾಗುತ್ತದೆ. ದಪ್ಪಗಾದರೆ ಮುದ್ರೆಯ ಸಂದಿಗಳಲ್ಲಿ ಮಣ್ಣು ತುಂಬಿಕೊಂಡು ಬರೀ ಒಂದು ಹಳದಿ ಬೊಟ್ಟು ಬೀಳುತ್ತದೆ, ನೋಡಿದವರು ಸೊಳ್ಳೆ ಕಚ್ಚಿದ್ದಕ್ಕೆ ಮದ್ದು ಹಚ್ಚಿದ್ದೀರಾ ಅನ್ನುತ್ತಾರೆ.

ಮೊದಲು ನಾಮ, ಆಮೇಲೆ ಮುದ್ರೆ. ನಾಮಗಳು 12, ಹೆಸರುಗಳೂ 12. ಹಣೆಗೆ ಕೇಶವ, ಹೊಟ್ಟೆಗೆ ನಾರಾಯಣ, ಎದೆಗೆ ಮಾಧವ, ಕುತ್ತಿಗೆಯ ಗುಳಿಗೆ ಗೋವಿಂದ. ಹೀಗೆ ಬಲಗಡೆ ಮುಗಿಸಿ, ಎಡಗಡೆ ಮುಗಿಸಿ, ಹಿಂದಕ್ಕೆ ಹೋಗಬೇಕು. ಮೈಯನ್ನು ಒಂದು ಬೀದಿ ಅಂತ ಇಟ್ಟುಕೊಂಡು ಮನೆ ನಂಬರ್ ಹಾಕುತ್ತ ಹೋದ ಹಾಗೆ. ಇಂದಿರಾನಗರದವರಿಗೆ ಈ ಹೋಲಿಕೆಯಿಂದ ಪ್ರಯೋಜನವಿಲ್ಲ, ಅಲ್ಲಿ ಹದಿಮೂರನೇ ಮೇನು ಮುಗಿದ ಮೇಲೆ ಯಾವುದು ಬರುತ್ತದೆ ಅಂತ ಆಟೋದವರೂ ಹೇಳರು.

ಮುದ್ರೆ ಒತ್ತುವುದಕ್ಕೆ ಕೈಯಲ್ಲಿ ಜೋರು ಬೇಡ. ಮಣ್ಣಿನಲ್ಲಿ ಅದ್ದಿ, ಒಮ್ಮೆ ಅಂಗೈ ಅಂಚಿಗೆ ಒತ್ತಿ ಹೆಚ್ಚಿನದನ್ನು ಬಿಡಿಸಿ, ಜಾಗದ ಮೇಲೆ ನೇರವಾಗಿ ಇಟ್ಟು, ಅಲ್ಲಾಡಿಸದೆ ಎತ್ತಬೇಕು. ಬಲತೋಳಿಗೆ ಚಕ್ರ, ಎಡತೋಳಿಗೆ ಶಂಖ: ಇದು ಎಲ್ಲರಿಗೂ ಗೊತ್ತು. ಉಳಿದವು ಎಲ್ಲೆಲ್ಲಿ, ಎಷ್ಟೆಷ್ಟು ಅನ್ನುವುದಕ್ಕೆ ನಿಮ್ಮ ಮಠದ ಪದ್ಧತಿ ನೋಡಿಕೊಳ್ಳಿ. (ಈ ಕೈಪಿಡಿಯಲ್ಲಿ ‘ನಿಮ್ಮ ಮಠದ ಪದ್ಧತಿ’ ಅಂತ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ‘ನಿಮ್ಮ ಹತ್ತಿರದ ಡೀಲರನ್ನು ಸಂಪರ್ಕಿಸಿ’ ಅಂತ ಓದಿಕೊಳ್ಳಬಹುದು. ಎರಡೂ ಒಂದೇ, ಎರಡು ಡೀಲರುಗಳು ಒಂದೇ ಮಾತು ಹೇಳುವುದಿಲ್ಲ ಅನ್ನುವುದೂ ಸೇರಿ.) ಪೂಜೆ ಮುಗಿದ ಮೇಲೆ ಹಣೆಗೆ ಅಂಗಾರದ ಕಪ್ಪು ಗೆರೆ, ಅದರ ಕೆಳಗೆ ಅಕ್ಷತೆಯ ಬೊಟ್ಟು. ಏಕಾದಶಿಯ ದಿನ ಅಂಗಾರ ಮಾತ್ರ, ಅಕ್ಷತೆ ಇಲ್ಲ. ಹೀಗಾಗಿ ತಿಳಿದವರು ನಿಮ್ಮ ಹಣೆ ನೋಡಿಯೇ ನೀವು ಊಟ ಮಾಡಿದ್ದೀರೋ ಉಪವಾಸವೋ ಅಂತ ಹೇಳಬಲ್ಲರು. ಏಕಾದಶಿ ದಿನ ಮಸಾಲೆ ದೋಸೆಗೆ ಹೋಗುವವರು ಈ ಲಕ್ಷಣವನ್ನು ಗಮನದಲ್ಲಿಟ್ಟುಕೊಳ್ಳತಕ್ಕದ್ದು.

ವಯಸ್ಸಾದವರ ಮೈಗೆ ಒತ್ತುವಾಗ ಒಂದು ವಿಶೇಷ ಸೂಚನೆ. ತಾತನ ಬೆನ್ನಿಗೆ ಅವರ ಕೈ ಎಟುಕದೇ ಹೋದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಆಗ ನನಗೆ ಎಂಟೋ ಒಂಬತ್ತೋ. ಅವರು ಮಣೆಯ ಮೇಲೆ ಬಗ್ಗಿ ಕೂರುತ್ತಿದ್ದರು. ಬೆನ್ನಿನ ಚರ್ಮ ಸಡಿಲ, ಸುಮ್ಮನೆ ಒತ್ತಿದರೆ ಮುದ್ರೆಯ ಜೊತೆ ಅದೂ ಜರಗುತ್ತಿತ್ತು. ಎಡಗೈಯ ಹೆಬ್ಬೆರಳು, ತೋರುಬೆರಳಿನಿಂದ ಚರ್ಮವನ್ನು ಎರಡು ಕಡೆಗೆ ಎಳೆದು ಬಿಗಿ ಮಾಡಿಕೊಂಡು, ನಡುವೆ ಒತ್ತಬೇಕು. ತಣ್ಣಗಿನ ಹಿತ್ತಾಳೆ ತಾಗಿದ ಕೂಡಲೇ ಅವರ ಬೆನ್ನು ಸಣ್ಣಗೆ ಮುದುಡುತ್ತಿತ್ತು. ಬಿಟ್ಟ ಕೂಡಲೇ ಚರ್ಮ ಹಿಂದಕ್ಕೆ ಬಂದು ಗುಂಡಗಿದ್ದ ಚಕ್ರ ಮೊಟ್ಟೆಯಾಗುತ್ತಿತ್ತು. ‘ಸರಿಯಾಗಿ ಬಿತ್ತೇನೋ?’ ಅನ್ನುವರು. ನಾನು ಹೂಂ ಅನ್ನುತ್ತಿದ್ದೆ.

ಕನ್ನಡಿಯ ತೊಂದರೆ

ಇದು ತಾಂತ್ರಿಕ ಭಾಗ. ಬೇಡದವರು ಬಿಟ್ಟು ಮುಂದಕ್ಕೆ ಹೋಗಬಹುದು, ಆದರೆ ನಮ್ಮ ಮನೆಯಲ್ಲಿ ಯಾರಿಗೂ ಬಿಟ್ಟು ಹೋಗಲಾಗಲಿಲ್ಲ.

ಯಾವ ಅಚ್ಚಿನಲ್ಲೂ ಎಡ ಬಲ ಆಗುತ್ತದೆ, ಬಲ ಎಡ ಆಗುತ್ತದೆ. ಚಕ್ರಕ್ಕೂ ಪದ್ಮಕ್ಕೂ ಇದರಿಂದ ಬಾಧೆಯಿಲ್ಲ, ಹೇಗೆ ತಿರುಗಿಸಿದರೂ ಅವು ಅವೇ. ಗದೆಯೂ ಹಾಗೇ. ಶಂಖದ ಕಥೆ ಬೇರೆ: ಮೈಮೇಲೆ ಬಲಮುರಿ ಮೂಡಬೇಕಾದರೆ ಹಿತ್ತಾಳೆಯಲ್ಲಿ ಎಡಮುರಿ ಕೆತ್ತಿರಬೇಕು. ನಿಜವಾದ ಬಲಮುರಿ ಶಂಖಕ್ಕೆ ಜನ ಲಕ್ಷಗಟ್ಟಲೆ ಸುರಿಯುತ್ತಾರೆ. ಇಲ್ಲಿ ಎಡಮುರಿಯನ್ನು ಒತ್ತಿ ದಿನಾ ಬಿಟ್ಟಿಯಾಗಿ ಬಲಮುರಿ ಪಡೆಯಬಹುದು. ಅಕ್ಷರದ ಮುದ್ರೆಯಲ್ಲಿ ಅಂತೂ ತಪ್ಪಿಸಿಕೊಳ್ಳುವ ಹಾಗೇ ಇಲ್ಲ. ನಾರಾಯಣ ಅನ್ನುವುದನ್ನು ಉಲ್ಟಾ ಕೆತ್ತಿದರೆ ಮಾತ್ರ ಮೈಮೇಲೆ ಸುಲ್ಟಾ.

ತಾತ ದೂರವಾಣಿನಗರದ ಐಟಿಐ ಕಾರ್ಖಾನೆಯ ಟೂಲ್‌ರೂಮಿನಲ್ಲಿದ್ದವರು. 1948ರಲ್ಲಿ ಶುರುವಾದ ಕಾರ್ಖಾನೆ. ದೇಶದ ಮನೆಮನೆಯ ಕಪ್ಪು ಟೆಲಿಫೋನು ಕೆ.ಆರ್. ಪುರಂ ಪಕ್ಕದ ಆ ಶೆಡ್ಡುಗಳಿಂದ ಹೋಗುತ್ತಿತ್ತು. ಅಚ್ಚು, ಪಂಚು, ಡೈ, ಇವುಗಳ ನಡುವೆಯೇ ಅವರ ಜೀವನ. ಒಂದು ಸಲ ಮನೆಮಂದಿಯೆಲ್ಲ ಮಂತ್ರಾಲಯಕ್ಕೆ ಹೋದಾಗ ಅಜ್ಜಿ ಹೊಸ ನಾರಾಯಣ ಮುದ್ರೆ ಕೊಂಡರು, ಹಳೆಯದು ಸವೆದು ನುಣ್ಣಗಾಗಿತ್ತು. ಮನೆಗೆ ತಂದು ಡಬ್ಬಿ ತೆಗೆದು ತೋರಿಸಿದರೆ ತಾತ ಕನ್ನಡಕ ಹಾಕಿಕೊಂಡು ಒಂದೇ ನೋಟದಲ್ಲಿ ಹೇಳಿದರು: ‘ಇದನ್ನ ಓದಕ್ಕೆ ಬರ್ತಿದೆ.’

‘ಬರಬೇಕಲ್ಲ’ ಅಂದರು ಅಜ್ಜಿ.

‘ಮುದ್ರೇಲಿ ಓದಕ್ಕೆ ಬಂದರೆ ಮೈಮೇಲೆ ಬರಲ್ಲ.’

ಕೆತ್ತಿದವನು ಪಾಪ ಅಕ್ಷರ ನೆಟ್ಟಗೆ ಕೆತ್ತಿಬಿಟ್ಟಿದ್ದ. ಒತ್ತಿದರೆ ಮೂಡುವುದು ಹಿಂದುಮುಂದಾದ ನಾರಾಯಣ, ಆಂಬ್ಯುಲೆನ್ಸಿನ ಮುಂಭಾಗದಲ್ಲಿ ಬರೆದಿರುತ್ತಾರಲ್ಲ, ಹಾಗೆ. ಅಜ್ಜಿಯ ವಾದ ಸರಳವಾಗಿತ್ತು: ದೇವರಿಗೆ ಯಾವ ಕಡೆಯಿಂದಾದರೂ ಓದಲು ಬರುತ್ತದೆ, ಹನ್ನೆರಡು ರೂಪಾಯಿ ದಂಡ ಮಾಡುವುದು ಬೇಡ. ತಾತನದು ವೃತ್ತಿಯ ಪ್ರಶ್ನೆ. ಡೈ ತಪ್ಪಾದರೆ ಬರುವ ಮಾಲೆಲ್ಲ ತಪ್ಪು. ಸೂಪರ್‌ವೈಸರ್ ದಯಾಳು ಅಂತ ರಿಜೆಕ್ಟ್ ಆದದ್ದನ್ನು ಪಾಸ್ ಮಾಡಲಾಗುತ್ತದೆಯೇ?

ಮುಂದಿನ ಭಾನುವಾರ ಅವರೇ ಹೊಸದೊಂದನ್ನು ಮಾಡಿದರು. ಹಿತ್ತಾಳೆ ಸಲಾಕೆಯ ತುಂಡು, ಸೂಜಿ ಅರ, ಸಣ್ಣ ಉಳಿ. ಅಕ್ಷರ ತಿರುಗಿಸುವುದಕ್ಕೆ ಒಂದು ಉಪಾಯವಿತ್ತು, ಅದನ್ನು ಇಲ್ಲಿ ದಾಖಲಿಸುತ್ತೇನೆ. ಕಾರ್ಬನ್ ಹಾಳೆಯನ್ನು ಮಸಿ ಮೇಲಕ್ಕೆ ಬರುವಂತೆ ಅಂಗಾತ ಇಟ್ಟು, ಅದರ ಮೇಲೆ ತೆಳುವಾದ ಕಾಗದ ಹಾಸಿ, ನೆಟ್ಟಗೆ ನಾರಾಯಣ ಅಂತ ಬರೆಯಬೇಕು. ಕಾಗದ ಮಗುಚಿದರೆ ಬೆನ್ನಿನಲ್ಲಿ ಉಲ್ಟಾ ನಾರಾಯಣ ರೆಡಿ. ಅದನ್ನು ಹಿತ್ತಾಳೆಗೆ ಅಂಟಿಸಿ, ಗೆರೆ ಬಿಟ್ಟು ಸುತ್ತಲಿನ ಲೋಹ ತೆಗೆಯುತ್ತ ಹೋಗುವುದು. ನಾ, ರಾ, ಯ ಮೂರೂ ಸಲೀಸಾಗಿ ಬಂದವು. ಣ ಕೈ ಕೊಟ್ಟಿತು. ಅದರ ಸುರುಳಿಗಳ ಸಂದಿ ಎಷ್ಟು ಇಕ್ಕಟ್ಟಾಯಿತೆಂದರೆ ಮೂರು ಸಲ ಒತ್ತುವಷ್ಟರಲ್ಲಿ ಮಣ್ಣು ಕೂತು ಮುಚ್ಚಿಹೋಗುತ್ತಿತ್ತು. ಟೂಲ್‌ರೂಮಿನ ಮನುಷ್ಯ ಅದನ್ನು ಒಪ್ಪಿಕೊಳ್ಳಲಿಲ್ಲ. ಗುಂಡುಸೂಜಿಯೊಂದನ್ನು ಡಬ್ಬಿಯ ಮುಚ್ಚಳಕ್ಕೆ ಸಿಕ್ಕಿಸಿ, ಅದೂ ಸೆಟ್ಟಿನ ಭಾಗ ಅಂತ ಘೋಷಿಸಿದರು.

ಈಗ ಅಸಲು ತೊಂದರೆ. ಹಿತ್ತಾಳೆಯಲ್ಲಿ ಉಲ್ಟಾ, ಮೈಮೇಲೆ ನೆಟ್ಟಗೆ, ಸರಿ. ಹಾಕಿಕೊಂಡವನು ಕನ್ನಡಿ ನೋಡಿಕೊಂಡರೆ? ಮತ್ತೆ ಉಲ್ಟಾ. ಕತ್ತು ಬಗ್ಗಿಸಿ ಎದೆ ನೋಡಿಕೊಂಡರೆ ತಲೆಕೆಳಗು. ಬೆನ್ನಂತೂ ಕಾಣುವುದೇ ಇಲ್ಲ. ಇಡೀ ಊರಿನಲ್ಲಿ ಆ ಅಕ್ಷರವನ್ನು ನೆಟ್ಟಗೆ ಓದಲಾಗದ ಒಬ್ಬನೇ ಮನುಷ್ಯ ಅಂದರೆ ಅದು ಯಾರ ಮೈಮೇಲಿದೆಯೋ ಅವನು. ಅಂಗಿ ಹಾಕಿಕೊಂಡ ಮೇಲೆ ಉಳಿದವರಿಗೂ ಕಾಣುವುದಿಲ್ಲ. ಹಾಗಾದರೆ ಇಷ್ಟೆಲ್ಲ ಉಲ್ಟಾ ಸುಲ್ಟಾ ಯಾರು ಓದಲಿ ಅಂತ? ತಾತನನ್ನು ಕೇಳಿದ್ದೆ. ‘ಕ್ವಾಲಿಟಿ ಕಂಟ್ರೋಲು’ ಅಂದರು, ಅಷ್ಟೇ.

ಬಿಸಿ ಆವೃತ್ತಿ

ಎಚ್ಚರಿಕೆ: ಮನೆಯ ಸೆಟ್ಟನ್ನು ಗ್ಯಾಸ್ ಒಲೆಯ ಮೇಲೆ ಕಾಯಿಸಬೇಡಿ. ಬಿಸಿ ಮುದ್ರೆ, ಅಂದರೆ ತಪ್ತಮುದ್ರೆ, ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಮಾತ್ರ ಲಭ್ಯ. ಆಷಾಢ ಶುಕ್ಲ ಏಕಾದಶಿ, ಪ್ರಥಮೈಕಾದಶಿ ಅನ್ನುತ್ತೇವಲ್ಲ, ಅವತ್ತು ಮಠಗಳಲ್ಲಿ ಸುದರ್ಶನ ಹೋಮ ಮಾಡಿ, ಅದೇ ಬೆಂಕಿಯಲ್ಲಿ ಶಂಖ ಚಕ್ರದ ಮುದ್ರೆಗಳನ್ನು ಕಾಯಿಸಿ, ಸ್ವಾಮಿಗಳು ತಮ್ಮ ಕೈಯಾರೆ ಒತ್ತುತ್ತಾರೆ. ಅವತ್ತಿನಿಂದ ವಿಷ್ಣು ನಾಲ್ಕು ತಿಂಗಳು ಮಲಗುತ್ತಾನೆ. ಮಲಗುವ ಮುಂಚೆ ಹಾಜರಿ ಹಾಕಿಸಿಕೊಳ್ಳುತ್ತಾನೆ ಅಂತ ನನ್ನ ಭಾವನೆ. ಇದು ಬೇಕೋ ಬೇಡವೋ, ಶಾಸ್ತ್ರಸಮ್ಮತವೋ ಅಲ್ಲವೋ ಅಂತ ಪಂಡಿತರು ಶತಮಾನಗಟ್ಟಲೆ ವಾದ ಮಾಡಿದ್ದಾರೆ. ಕ್ಯೂ ಮಾತ್ರ ಕಮ್ಮಿಯಾಗಿಲ್ಲ.

ನಮ್ಮ ಪೂರ್ವಭಾಗದವರು ಇದಕ್ಕಾಗಿ ಬಸವನಗುಡಿಯ ಉತ್ತರಾದಿ ಮಠಕ್ಕೋ ಜಯನಗರ 5ನೇ ಬ್ಲಾಕಿನ ರಾಯರ ಮಠಕ್ಕೋ ಹೋಗುತ್ತೇವೆ. ಹೊಟ್ಟೆಯಲ್ಲಿ ಏನೂ ಇಲ್ಲ, ಅಂಗಿ ತೋಳಿನ ಮೇಲೆ, ಮುಂದಿನವನ ಬೆವರಿದ ಬೆನ್ನು ನೋಡಿಕೊಂಡು ಒಂದೆರಡು ಗಂಟೆ. ಹತ್ತಿರವಾದಷ್ಟೂ ಹೊಗೆ ಕಣ್ಣಿಗೆ ಬರುತ್ತದೆ, ಚಿಕ್ಕ ಮಕ್ಕಳು ಅಳುವುದು ಕೇಳಿಸುತ್ತದೆ, ಅವರ ಅಪ್ಪಂದಿರು ‘ಏನಾಗಲ್ಲ ಪುಟ್ಟ’ ಅನ್ನುವ ದನಿಯಲ್ಲಿ ಪುಟ್ಟನಿಗಿಂತ ಹೆಚ್ಚು ನಡುಕ. ನಿಮ್ಮ ಸರದಿ ಬಂದಾಗ ಯೋಚನೆ ಮಾಡಲು ಸಮಯವಿರುವುದಿಲ್ಲ. ಬಲಗಡೆ ಚುರ್, ಎಡಗಡೆ ಚುರ್, ಮುಂದಕ್ಕೆ ನಡೆಯಿರಿ. ಇಸ್ತ್ರಿ ಪೆಟ್ಟಿಗೆ ಅಕಸ್ಮಾತ್ ತಾಗಿದಷ್ಟು ನೋವು, ಅದಕ್ಕಿಂತ ಹೆಚ್ಚಲ್ಲ. ಹೆಂಗಸರಿಗೆ ಮುಂಗೈಗೆ ಒತ್ತುತ್ತಾರೆ. ಅಜ್ಜಿಯ ಬಳೆಗಳ ಹಿಂದೆ, ಹಳೆಯ ವರ್ಷಗಳ ಚಕ್ರವೊಂದು ನುಣ್ಣಗೆ ಬೆಳ್ಳಗೆ ಕೂತಿತ್ತು. ರೊಟ್ಟಿ ತಟ್ಟುವಾಗ ಸುಟ್ಟ ಕಲೆಗಳೂ ಪಕ್ಕದಲ್ಲೇ ಇದ್ದವು, ಯಾವುದು ಮಠದ್ದು ಯಾವುದು ಒಲೆಯದ್ದು ಅಂತ ಅವರೇ ತೋರಿಸಿ ಹೇಳಬೇಕಾಗಿತ್ತು.

ವಾಪಸ್ಸು ಬರುವಾಗ ಬ್ಯಾಗು ಹೆಗಲಿಗೆ ಹಾಕಬೇಡಿ. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸುವಾಗ ಇಡೀ ಬೆಂಗಳೂರು ನಿಮ್ಮ ತೋಳಿಗೇ ಉಜ್ಜಿಕೊಂಡು ಹೋಗುತ್ತದೆ. ಹಲಸೂರಿನಲ್ಲಿ ಇಳಿಯುವಷ್ಟರಲ್ಲಿ ಮುದ್ರೆ ಇದೆಯೋ ಹೋಯಿತೋ ಅನ್ನುವ ಹಾಗಾಗಿರುತ್ತದೆ. ದೂರುವುದು ಬೇಡ. ಆಡಿ ಕೃತ್ತಿಕೆ ಬಂತೆಂದರೆ ನಮ್ಮ ಹಲಸೂರಿನ ಬೀದಿಯಲ್ಲೇ ಕಾವಡಿ ಹೊತ್ತು, ಈ ಕೆನ್ನೆಯಿಂದ ಆ ಕೆನ್ನೆಗೆ ವೇಲ್ ಚುಚ್ಚಿಕೊಂಡು, ಕುಣಿಯುತ್ತ ಹೋಗುತ್ತಾರೆ. ಪಕ್ಕದ ಮನೆಯಾತ ಆ ಪೈಕಿ. ನನ್ನ ತೋಳಿನ ಎರಡು ಚುಕ್ಕೆ ತೋರಿಸಿದಾಗ ಅವನು ಬಹಳ ಮರ್ಯಾದೆಯಿಂದ ನಗದೆ ಕೂತಿದ್ದ.

ಈ ಗುರುತು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮಾಸುತ್ತದೆ, ಮುಂದಿನ ವರ್ಷ ಮತ್ತೆ ಹೋಗಬೇಕು. ಶ್ರೀವೈಷ್ಣವರ ಸಮಾಶ್ರಯಣದಲ್ಲಿ ಹಾಗಿಲ್ಲ, ಆಚಾರ್ಯರು ಜ್ವಲಿಸುವ ಶಂಖ ಚಕ್ರ ಒತ್ತುವುದು ಜೀವಮಾನದಲ್ಲಿ ಒಂದೇ ಸಲ. ಅವರದು ಲೈಫ್‌ಟೈಮ್ ಪ್ಲಾನು, ನಮ್ಮದು ವಾರ್ಷಿಕ ರೀಚಾರ್ಜು.

ತಮಾಷೆ ಇಲ್ಲಿಗೆ ಸ್ವಲ್ಪ ನಿಲ್ಲಿಸುತ್ತೇನೆ. ಮುದ್ರೆ ಅಂದರೆ ಮೂಲದಲ್ಲಿ ‘ಇದು ಇಂಥವರದು’ ಅನ್ನುವ ಗುರುತು. ದೇವರಿಗೆ ಬಿಟ್ಟ ಜಮೀನಿನ ಎಲ್ಲೆಯಲ್ಲಿ ಹಿಂದಿನವರು ವಾಮನಮುದ್ರೆಯ ಕಲ್ಲು, ಲಿಂಗಮುದ್ರೆಯ ಕಲ್ಲು ನೆಡುತ್ತಿದ್ದರು, ಬಸದಿಯ ಜಮೀನಿಗೆ ಮುಕ್ಕೊಡೆಯ ಕಲ್ಲು. ಈಗಲೂ ಹೊಲಗಳಲ್ಲಿ ಸಿಗುತ್ತವೆ. ದೇವರ ಹೆಸರಿನಲ್ಲಿ ಬಿಟ್ಟ ಗೂಳಿಗೂ ಬರೆ ಬೀಳುತ್ತಿತ್ತು. ಅದೇ ಶಂಖ ಚಕ್ರ, ವೈಷ್ಣವ ಗುಡಿಗಳಿಗೆ ಒಪ್ಪಿಸಿದ ಹೆಣ್ಣುಮಕ್ಕಳ ತೋಳಿಗೂ ಬಿದ್ದಿದೆ. ಅವರನ್ನು ಯಾರೂ ಕ್ಯೂನಲ್ಲಿ ನಿಲ್ಲುತ್ತೀಯಾ ಅಂತ ಕೇಳಲಿಲ್ಲ. ಮೈಸೂರು ಸಂಸ್ಥಾನ 1909ರಲ್ಲಿ ಮುಜರಾಯಿ ಗುಡಿಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ಕರ್ನಾಟಕದಲ್ಲಿ ಅದಕ್ಕೆ ಪ್ರತ್ಯೇಕ ನಿಷೇಧ ಕಾಯ್ದೆ ಬರಲು 1982 ಆಗಬೇಕಾಯಿತು. ಒಂದೇ ಹಿತ್ತಾಳೆ, ಒಂದೇ ಬೆಂಕಿ. ಯಾರು ತಾವಾಗಿ ತೋಳು ಒಡ್ಡಿದರು, ಯಾರ ತೋಳನ್ನು ಬೇರೆಯವರು ಹಿಡಿದುಕೊಂಡಿದ್ದರು ಅನ್ನುವುದು ಚಕ್ರ ನೋಡಿ ಗೊತ್ತಾಗುವುದಿಲ್ಲ.

ಕಂಟೋನ್ಮೆಂಟಿನಲ್ಲಿ ಬಳಕೆ

ಮುತ್ತಾತ ದಂಡಿನ ಕಡೆ ಗುಮಾಸ್ತರಾಗಿದ್ದರು. 1809ರಲ್ಲಿ ಬಂದ ದಂಡು ಹಲಸೂರಿನ ಸುತ್ತ ಬೆಳೆಯಿತು; 1881ರಲ್ಲಿ ಮೈಸೂರನ್ನು ಒಡೆಯರಿಗೆ ಹಿಂತಿರುಗಿಸಿದಾಗಲೂ ಸಿವಿಲ್ ಆ್ಯಂಡ್ ಮಿಲಿಟರಿ ಸ್ಟೇಷನ್ ಬ್ರಿಟಿಷರ ಕೈಯಲ್ಲೇ ಉಳಿಯಿತು; ಮೈಸೂರಿಗೆ ಸೇರಿದ್ದು 1947ರ ಜುಲೈ 26ಕ್ಕೆ, ಸ್ವಾತಂತ್ರ್ಯಕ್ಕೆ ಮೂರು ವಾರ ಇರುವಾಗ. ಅಲ್ಲಿಯವರೆಗೆ ಮುತ್ತಾತನ ಸಮವಸ್ತ್ರ: ಮೇಲೆ ಪೇಟ, ಕೆಳಗೆ ಪಂಚೆ, ನಡುವೆ ಕುತ್ತಿಗೆವರೆಗೆ ಗುಂಡಿ ಹಾಕಿದ ಕಪ್ಪು ಕೋಟು. ಹಣೆಯ ನಾಮ ಸಾಹೇಬರಿಗೆ ಕಾಣುತ್ತಿತ್ತು, ಕೋಟಿನೊಳಗಿನ ಹನ್ನೊಂದು ನಾಮ, ಅಷ್ಟೂ ಮುದ್ರೆ ಯಾರಿಗೂ ಕಾಣುತ್ತಿರಲಿಲ್ಲ. ಸಾಯಂಕಾಲ ಕೋಟು ಬಿಚ್ಚಿದರೆ ಒಳಗಿನ ಅಸ್ತರಿಗೆ ಹಳದಿ ಶಂಖಗಳು ಅಂಟಿಕೊಂಡಿರುತ್ತಿದ್ದವಂತೆ. ಅಸ್ತರಿಗೆ ಅಂಟಿದ್ದು ಮತ್ತೆ ಎಡಮುರಿ, ಲೆಕ್ಕ ಹಾಕಿ ನೋಡಿ.

ಈಗ ಇಂದಿರಾನಗರದಲ್ಲಿ ಎಲ್ಲವೂ ಹೊರಗೆ. ನೂರಡಿ ರಸ್ತೆಯ ಆಸುಪಾಸಿನ ಟ್ಯಾಟೂ ಅಂಗಡಿಗಳಲ್ಲಿ ಶಿವನ ತ್ರಿಶೂಲ, ಓಂಕಾರ ತೋಳು ತುಂಬ ಬರೆಸಿಕೊಂಡು ತೋಳಿಲ್ಲದ ಬನಿಯನ್ನಿನಲ್ಲಿ ಓಡಾಡುತ್ತಾರೆ. ನಮ್ಮ ಅಜ್ಜಿಯರ ಕೈಗೆ ಕೊರವಂಜಿಯರು ಹಾಕುತ್ತಿದ್ದ ಹಚ್ಚೆಯೇ, ದರ ಬೇರೆ. ನನಗೇನೂ ಹೊಟ್ಟೆಕಿಚ್ಚಿಲ್ಲ. ಒಂದೇ ಅನುಮಾನ: ಅಳಿಸಿಹೋಗದ್ದನ್ನು ದಿನಾ ನೆನಪಿಸಿಕೊಳ್ಳುವುದು ಹೇಗೆ? ನಮ್ಮದು ಸಾಯಂಕಾಲಕ್ಕೆ ಉದುರಿಹೋಗುತ್ತದೆ. ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲಿ ಮೇ ತಿಂಗಳ ಮಧ್ಯಾಹ್ನ ಅರ್ಧ ಗಂಟೆ ನಿಂತರೆ ಸಾಯಂಕಾಲದವರೆಗೂ ಕಾಯಬೇಕಿಲ್ಲ. ಮಾರನೆಯ ದಿನ ಮತ್ತೆ ಮಣ್ಣು ತೇಯಬೇಕು.

ಹಣೆಯ ನಾಮ ಹೊರಗೆ ಕಾಣುವುದರಿಂದ ಕನ್ನಡದಲ್ಲಿ ಒಂದು ಅಡ್ಡಪರಿಣಾಮವೂ ಇದೆ. ‘ನಾಮ ಹಾಕಿದ’ ಅಂದರೆ ಪೂಜೆಗೆ ಕೂತ ಅಂತ ಯಾರೂ ತಿಳಿಯುವುದಿಲ್ಲ. ಚಿಕ್ಕಪ್ಪ ಕೆ.ಆರ್. ಪುರಂ ಆಚೆ ಒಂದು ಸೈಟು ಕೊಂಡರು. ಛಾಪಾ ಕಾಗದದ ಮೇಲೆ ಮುದ್ರೆಯ ಮೇಲೆ ಮುದ್ರೆ ಬಿತ್ತು, ಆಮೇಲೆ ನೋಡಿದರೆ ಅದೇ ಸೈಟು ಇನ್ನಿಬ್ಬರಿಗೂ ಮಾರಾಟವಾಗಿತ್ತು. ಅವರಿಗೆ ಬಿದ್ದದ್ದು ಪಂಗನಾಮ, ಅದಕ್ಕೆ ಗೋಪೀಚಂದನ ಬೇಕಿಲ್ಲ. ಹೊರವೇಷವನ್ನು ನಂಬಬೇಡಿ ಅಂತ ನಮ್ಮ ದಾಸರು ಮೊದಲೇ ಹೇಳಿದ್ದಾರೆ. ಪುರಂದರದಾಸರು ‘ಉದರ ವೈರಾಗ್ಯ’ದ ಕೀರ್ತನೆಯಲ್ಲಿ ಹಿತ್ತಾಳೆ ಪ್ರತಿಮೆಗಳನ್ನು ಸಾಲಾಗಿ ಜೋಡಿಸಿಕೊಂಡು ಕೂತವನನ್ನು ಕಂಚುಗಾರನಿಗೆ ಹೋಲಿಸಿ ಗೇಲಿ ಮಾಡುತ್ತಾರೆ. ಆ ಕೀರ್ತನೆಯ ಕೊನೆಯಲ್ಲೂ ಅವರದೇ ಮುದ್ರೆ ಇದೆ ಅನ್ನಿ. ಅಂಕಿತಕ್ಕೆ ಸಂಗೀತದವರು ಹೇಳುವುದು ಮುದ್ರೆ ಅಂತಲೇ.

ಬಿಡಿಭಾಗಗಳು

ಶಿವಾಜಿನಗರ. ಇನ್ನೆಲ್ಲಿ? ಯಾವ ಕಾಲದ ಕಾರಿನ ಯಾವ ಭಾಗ ಬೇಕಾದರೂ ಅಲ್ಲಿಯ ಗುಜರಿಯಲ್ಲಿ ಸಿಗುವಾಗ ಗದೆ ಸಿಗದೇ ಇರುತ್ತದೆಯೇ? ನಮ್ಮ ಸೆಟ್ಟಿನ ಗದೆ ಯಾವಾಗಲೋ ಕಳೆದುಹೋಗಿತ್ತು, ಬಹುಶಃ ನಾನು ಕಾಸು ಅಂತ ಡಬ್ಬಿ ಎತ್ತಿಕೊಂಡು ಹೋದ ದಿನ. ಹಳೇ ಹಿತ್ತಾಳೆಯ ಅಂಗಡಿಯೊಂದರಲ್ಲಿ ಗಂಟೆಗಳು, ಮುರಿದ ನಲ್ಲಿಗಳು, ಬೀಗದ ಎಸಳುಗಳ ರಾಶಿಯಲ್ಲಿ ಕೈಯಾಡಿಸುತ್ತಿದ್ದಾಗ ಅಂಗಡಿಯ ಯಜಮಾನರು, ಗಡ್ಡಕ್ಕೆ ಮದರಂಗಿ ಹಾಕಿದ ಹಿರಿಯರು, ಏನು ಹುಡುಕುತ್ತಿದ್ದೀರಿ ಅಂದರು. ಹೇಗೆ ಹೇಳುವುದು ಅಂತ ತಡವರಿಸಿ ತೋಳು ತೋರಿಸಿ ಒತ್ತುವ ಹಾಗೆ ಮಾಡಿದೆ. ‘ಅಯ್ನೋರ ಸ್ಟಾಂಪಾ?’ ಅಂತ ಗಲ್ಲಾಪೆಟ್ಟಿಗೆಯ ಪಕ್ಕದಿಂದ ಒಂದು ಹಿಡಿ ತೆಗೆದು ಸುರಿದರು. ಅದರಲ್ಲಿ ಮೂರು ಚಕ್ರ, ಎರಡು ಶಂಖ, ಒಂದೇ ಒಂದು ಗದೆ. ತಕ್ಕಡಿಯಲ್ಲಿಟ್ಟು ತೂಕಕ್ಕೇ ಕೊಟ್ಟರು. ಯಾರದೋ ಮನೆಯ ಬೀರುವಿನಿಂದ ಬಂದದ್ದು. ಉಳಿದ ನಾಲ್ಕಕ್ಕಿಂತ ಇದು ಕಾಲು ಪಾಲು ದೊಡ್ಡದು, ಹೀಗಾಗಿ ನನ್ನ ಮೈಮೇಲೆ ಗದೆಯೇ ಎದ್ದು ಕಾಣುತ್ತದೆ. ತೊಳೆಯಲು ಹುಣಸೆಹಣ್ಣು ಸಾಕು.

ದೋಷ ನಿವಾರಣೆ

ಮುದ್ರೆ ಎರಡೆರಡಾಗಿ ಕಾಣುತ್ತಿದೆ: ಎತ್ತುವಾಗ ಕೈ ನಡುಗಿದೆ. ಕಾಫಿಗೆ ಮೊದಲು ಹಾಕಿಕೊಳ್ಳಿ, ಆಮೇಲಲ್ಲ.

ಬಿಳಿ ಅಂಗಿಗೆ ಕಲೆ: ಬಿಳಿ ಅಂಗಿ ಹಾಕಬೇಡಿ.

ಆಫೀಸಿನಲ್ಲಿ ಯಾರೋ ಹಣೆ ಏನಾಯಿತು ಅಂತ ಕೇಳಿದರು: ಬಿದ್ದೆ ಅಂತ ಹೇಳಬೇಡಿ, ನಾನು ಒಮ್ಮೆ ಹೇಳಿದ್ದಕ್ಕೆ ಎಲ್ಲರೂ ಫಸ್ಟ್ ಏಡ್ ಡಬ್ಬಿ ತಂದರು.

ಬೆನ್ನಿಗೆ ಕೈ ಎಟುಕುತ್ತಿಲ್ಲ: ಹಿಂದೆ ಹೇಳಿದಂತೆ, ಮನೆಯಲ್ಲಿ ಎಂಟು ಒಂಬತ್ತು ವರ್ಷದವರು ಯಾರಾದರೂ ಇದ್ದರೆ ಕರೆಯಿರಿ. ನಮ್ಮಲ್ಲಿ ಮಗಳಿದ್ದಾಳೆ. ಅವಳ ಶಾಲೆಯಲ್ಲಿ ಕನ್ನಡ ವಾರಕ್ಕೆ ಕೆಲವೇ ಪೀರಿಯಡ್ಡು, ಅಕ್ಷರಗಳನ್ನು ಒಂದೊಂದಾಗಿ ತಡವಿ ಓದುತ್ತಾಳೆ. ಭಾನುವಾರ ಬೆಳಿಗ್ಗೆ, ಟಿವಿ ಹಚ್ಚುವ ಮುಂಚೆ ಐದು ನಿಮಿಷ ಸಿಗುತ್ತಾಳೆ. ಮಣೆಯ ಮೇಲೆ ಬಗ್ಗಿ ಕೂತೆ. ಹಿತ್ತಾಳೆ ತಣ್ಣಗಿತ್ತು.

‘ಸರಿಯಾಗಿ ಬಿತ್ತಾ?’

ಅವಳು ಹೂಂ ಅನ್ನಲಿಲ್ಲ. ಬೆನ್ನಿನ ಹತ್ತಿರ ಮುಖ ತಂದಳು, ಉಸಿರು ತಾಗಿತು.

‘ನಾ... ರಾ... ಯ...’ ಅಂದಳು. ‘ಲಾಸ್ಟ್ ಲೆಟರ್ ಬಂದೇ ಇಲ್ಲ ಅಪ್ಪ. ಬರೀ ಚುಕ್ಕೆ.’

‘ಡಬ್ಬಿ ಮುಚ್ಚಳದಲ್ಲಿ ಗುಂಡುಸೂಜಿ ಇದೆ, ತಗೊಂಡು ಬಾ’ ಅಂದೆ.